ಹೇಳಿದ್ದರಲ್ಲಿ ಅರ್ಧ ಕಳೆದು ಆರಿಸಿದ ಬೆಟ್ಟ

ಯಾರಾದರೂ ಹೇಳಿದ ಬೆಲೆಗೇ ನಾನು ಏನನ್ನಾದರೂ ಕೊಂಡ ನೆನಪಿಲ್ಲ. ಕೃಷ್ಣರಾಜ ಮಾರುಕಟ್ಟೆಯ ಕೊತ್ತಂಬರಿ ಕಟ್ಟಿನಿಂದ ಹಿಡಿದು ಬಿನ್ನಿಪೇಟೆಯಲ್ಲಿ ಹತ್ತಿ ಹಿಂಜಲು ಇಟ್ಟುಕೊಂಡಿದ್ದ ಶೆಡ್ಡಿನ ಬಾಡಿಗೆಯವರೆಗೆ, ಎದುರಿನವರು ಬಾಯಿ ಬಿಟ್ಟ ಕೂಡಲೇ ನನ್ನ ತಲೆ ಅದರಲ್ಲಿ ಅರ್ಧ ಕಳೆದು, ಉಳಿದ ಅರ್ಧದಿಂದ ಮಾತು ಶುರು ಮಾಡುತ್ತಿತ್ತು. ಹದಿನೇಳನೇ ವಯಸ್ಸಿಗೆ ಕುಣಿಗಲ್ ಕಡೆಯಿಂದ ಬಂದು, ಚಾಮರಾಜಪೇಟೆಯ ಹಾಸಿಗೆ ಅಂಗಡಿಯೊಂದರಲ್ಲಿ ದಿಂಬು ತುಂಬುತ್ತಾ ಕೂತವನು, ಕೊನೆಗೆ ಅದೇ ಬೀದಿಯಲ್ಲಿ ನನ್ನದೇ ಅಂಗಡಿ ಹಾಕಿದ್ದು ಈ ಬುದ್ಧಿಯಿಂದಲೇ. ವ್ಯಾಪಾರಕ್ಕೆ ಅದು ಒಳ್ಳೆಯ ಬುದ್ಧಿ. ಅದನ್ನು ನಾನು ಒಂದು ಬೆಟ್ಟದ ಮೇಲೂ ನನ್ನ ಶ್ವಾಸಕೋಶದ ಮೇಲೂ ಪ್ರಯೋಗ ಮಾಡಿದೆ. ಉಸಿರು ಸಾಲದವರು, ಅಂಥವರ ಜೊತೆ ಬದುಕುತ್ತಿರುವವರು, ಈ ವರ್ಷ ಎಲ್ಲಾದರೂ ಚಾರಣ ಹೋಗೋಣ ಎಂದು ಮನೆಯಲ್ಲಿ ಮಾತಾಡಿಕೊಳ್ಳುತ್ತಿರುವವರು, ನೀವೆಲ್ಲ ಇದನ್ನು ಓದಬೇಕು ಅಂತ ಬರೆಯುತ್ತಿದ್ದೇನೆ.

ಬೆಟ್ಟದ ಆಸೆ ನನ್ನದಾಗಿರಲಿಲ್ಲ. ನನ್ನ ಹೆಂಡತಿ ಜಯಳದು. ಅವಳು ಬಸವನಗುಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಿಂದ ಹಿಮಾಲಯದಲ್ಲಿ ಪರ್ವತಾರೋಹಣ ತರಬೇತಿಗೆ ಆಯ್ಕೆಯಾಗಿದ್ದಳು. ಆದರೆ ಅದೇ ತಿಂಗಳು ಮದುವೆ ಗೊತ್ತಾಯಿತು. ಗಂಡು ನಾನೇ. ತರಬೇತಿಗೆ ತರಬೇಕಾದ ಸಾಮಾನುಗಳ ಟೈಪ್ ಮಾಡಿದ ಪಟ್ಟಿ ಒಂದಿತ್ತು: ಮೂರು ಜೊತೆ ಉಣ್ಣೆ ಕಾಲುಚೀಲ, ಅಲ್ಯೂಮಿನಿಯಂ ಮಗ್ಗು, ಟಾರ್ಚು, ಸೀಟಿ. ಆ ಹಾಳೆ ಮೂವತ್ತು ವರ್ಷ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇತ್ತು. ಪಟ್ಟಿಯಲ್ಲಿದ್ದ ಸೀಟಿಯನ್ನು ಮಾತ್ರ ಆಗಲೇ ಕೊಂಡಿದ್ದಳಂತೆ. ಅದನ್ನು ಶಾಲೆಯ ಮೈದಾನದಲ್ಲಿ ಊದಿಕೊಂಡು ಬಂದಳು.

ಮಗಳು ದೀಪಾಳ ಮದುವೆ ಮುಗಿದ ಮೇಲೆ ಒಂದು ಬೇಸಿಗೆಗೆ ಜಯ ತನ್ನ ಇಬ್ಬರು ಸಹೋದ್ಯೋಗಿಗಳ ಜೊತೆ ಹೊರಟು ನಿಂತಳು. ಚಿಕ್ಕ ಚಾರಣ, ಆರು ದಿನದ್ದು. ನಾನು ಬೇಡ ಅನ್ನಲಿಲ್ಲ; ಬೇಡ ಅನ್ನುವುದು ನನ್ನ ರೀತಿಯಲ್ಲ. ‘ಒಂದು ವರ್ಷ ತಡಿ, ನಾನೂ ಬರ್ತೀನಿ, ಇಬ್ಬರೂ ಹೋಗೋಣ’ ಎಂದೆ. ಅವಳು ಕಾದಳು. ಆ ಒಂದು ವರ್ಷ ಮೂರಾಯಿತು. ಅಂಗಡಿ, ಮದುವೆ ಸೀಸನ್ನು, ಹಾಸ್ಟೆಲಿನವರ ಆರ್ಡರು. ಅವಳು ದಿನಾ ಬೆಳಿಗ್ಗೆ ಓಡುತ್ತಿದ್ದಳು, ನಾನು ದಿನಾ ನಾಳೆಯಿಂದ ಬರುತ್ತೇನೆ ಎನ್ನುತ್ತಿದ್ದೆ.

ಕೊನೆಗೆ ಒಂದು ಡಿಸೆಂಬರಿನಲ್ಲಿ ಮಲ್ಲೇಶ್ವರದ ಚಾರಣ ಸಂಸ್ಥೆಯೊಂದಕ್ಕೆ ಇಬ್ಬರೂ ಹೋದೆವು. ಅಲ್ಲಿದ್ದ ಹೆಂಗಸು ನಲವತ್ತರ ಆಸುಪಾಸಿನವರು, ಮುಖವೆಲ್ಲ ಬಿಸಿಲಿಗೆ ಕಪ್ಪಾಗಿತ್ತು. ದಿನಕ್ಕೆ ಎಷ್ಟು ನಡೀತೀರಿ, ಮೂರು ಮಹಡಿ ಹತ್ತಿದರೆ ಏನಾಗುತ್ತದೆ, ಎಂದಾದರೂ ಎತ್ತರದ ಜಾಗದಲ್ಲಿ ಮಲಗಿದ್ದೀರಾ ಎಂದೆಲ್ಲ ಕೇಳಿದರು. ಜಯ ಸರಿಯಾಗಿ ಉತ್ತರ ಹೇಳಿದಳು. ನಾನು ನನಗೆ ಅನುಕೂಲವಾಗುವ ಹಾಗೆ ಹೇಳಿದೆ. ಆಮೇಲೆ ಪಟ್ಟಿ ಮುಂದಿಟ್ಟರು. ಜಯ ಮೊದಲ ಸಾಲಿನ ಸುಲಭದ್ದರ ಮೇಲೆ ಬೆರಳಿಟ್ಟಳು. ಆರು ದಿನ, ಹಿಮವೂ ಇದೆ, ಮೊದಲ ಸಲ ಹೋಗುವವರಿಗೆ ಸರಿ.

ನನ್ನ ಕಣ್ಣು ಮೂರನೇ ಸಾಲಿಗೆ ಹೋಯಿತು. ಒಂಬತ್ತು ದಿನ, ಹದಿನಾಲ್ಕು ಸಾವಿರ ಅಡಿ ಎತ್ತರದ ಕಣಿವೆದಾರಿ ದಾಟುವುದು. ದರದಲ್ಲಿ ಅಂಥ ವ್ಯತ್ಯಾಸವಿಲ್ಲ. ಹಾಸಿಗೆ ಮಾರುವವನ ಲೆಕ್ಕ ನೋಡಿ: ಸಿಂಗಲ್ ಕೊಳ್ಳಲು ಬಂದವರಿಗೆ ಸ್ವಲ್ಪ ಸೇರಿಸಿದರೆ ಡಬಲ್ಲೇ ಬರುತ್ತದೆ ಅಂತ ಜೀವಮಾನವಿಡೀ ಹೇಳಿದವನು, ನಾನೇ ಸಿಂಗಲ್ ಕೊಳ್ಳುವುದೇ? ಅಷ್ಟು ದೂರ ಹೋಗಿ ಚಿಕ್ಕ ಬೆಟ್ಟ ಹತ್ತಿ ಬರುವುದು ನಷ್ಟ ಎಂದು ವಾದಕ್ಕಿಳಿದೆ. ಆ ಹೆಂಗಸು ಇದಕ್ಕೆ ಮೊದಲಿನ ಅನುಭವ ಬೇಕು, ಐದು ಕಿಲೋಮೀಟರು ನಲವತ್ತು ನಿಮಿಷದೊಳಗೆ ಓಡಬೇಕು, ವೈದ್ಯರ ಸರ್ಟಿಫಿಕೇಟು ಬೇಕು ಎಂದರು. ನನ್ನ ತಲೆ ತನ್ನ ಕೆಲಸ ಮಾಡಿತು. ನಲವತ್ತು ಅಂದರೆ ಅರವತ್ತಕ್ಕೆ ಒಪ್ಪುತ್ತಾರೆ. ಕಷ್ಟ ಅಂದರೆ ಮಧ್ಯಮ. ಕೊನೆಗೆ, ಬೆಂಗಳೂರಿನ ಹತ್ತಿರದ ಕಡಿದಾದ ಬೆಟ್ಟವೊಂದನ್ನು ಎಂಟು ಕೆಜಿ ಹೊತ್ತು ಹತ್ತಿ ಫೋಟೊ ಕಳಿಸಿ, ಆಮೇಲೆ ನೋಡೋಣ ಎನ್ನುವಲ್ಲಿಗೆ ಅವರನ್ನು ಇಳಿಸಿದೆ.

ಏಳುವಾಗ ಅವರು ಜಯಳಿಗೆ ಹೇಳಿದರು. “ಮೇಡಂ, ನಿಮಗೆ ಇದ್ರಲ್ಲಿ ಯಾವ್ದಾದ್ರೂ ಆಗತ್ತೆ. ಸರ್ ಜೊತೆ ಹೋಗೋದಾದ್ರೆ ಚಿಕ್ಕದು ತಗೊಳ್ಳಿ.”

ಗಿರಾಕಿಯನ್ನು ಕೆಣಕಿ ಒಪ್ಪಿಸುವ ವ್ಯಾಪಾರದ ಮಾತು ಅಂದುಕೊಂಡೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಆ ಹೊತ್ತಿಗೆ ನನಗೆ ಕೆಮ್ಮು ಶುರುವಾಗಿ ಎರಡು ವರ್ಷ. ಹತ್ತಿ ಕೆಲಸದವರಿಗೆಲ್ಲ ಇರುವುದೇ ಎಂದು ಬಿಟ್ಟಿದ್ದೆ. ವೈಯಾಲಿಕಾವಲಿನಲ್ಲಿ ದೀಪಾಳ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಪ್ರತಿ ಮಹಡಿಯ ತಿರುವಿನಲ್ಲಿ ನಿಂತು ಮೊಬೈಲು ಕಿವಿಗಿಟ್ಟುಕೊಂಡು ಯಾರೊಂದಿಗೋ ಮಾತಾಡುವಂತೆ ನಟಿಸುತ್ತಿದ್ದೆ. ‘ಮೆಟ್ಲು ಮೇಲೇ ಬರತ್ತಲ್ರೀ ನಿಮಗೆ ಫೋನು’ ಎಂದು ಜಯ ಒಮ್ಮೆ ಅಂದದ್ದುಂಟು. ನಕ್ಕು ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ. ಇದನ್ನು ಓದುವಾಗ ನಿಮ್ಮಲ್ಲಿ ಯಾರಿಗಾದರೂ ನಿಮ್ಮದೇ ಮೆಟ್ಟಿಲು ನೆನಪಾದರೆ, ದಯವಿಟ್ಟು ಇಲ್ಲೇ ನಿಲ್ಲಿಸಿ, ಹೋಗಿ ಒಬ್ಬ ಒಳ್ಳೆಯ ಎದೆರೋಗದ ವೈದ್ಯರಿಗೆ ತೋರಿಸಿಕೊಳ್ಳಿ. ಮಿಕ್ಕಿದ್ದನ್ನು ಬಂದು ಓದಬಹುದು.

ಸರ್ಟಿಫಿಕೇಟಿಗೆ ನಮ್ಮ ಬೀದಿಯ ಹಳೆಯ ಡಾಕ್ಟರ ಹತ್ತಿರ ಹೋದೆ. ಅವರ ಮನೆಯ ಹಾಸಿಗೆಗಳೆಲ್ಲ ನನ್ನವೇ. ಎದೆಗೆ ಕೊಳವೆಯಿಟ್ಟು, ಬೆನ್ನಿಗಿಟ್ಟು, ಮತ್ತೆ ಬೆನ್ನಿಗಿಟ್ಟು, ಮೊದಲು ಎಕ್ಸ್-ರೇ ತೆಗೆಸಿಕೊಂಡು ಬಾ ಎಂದರು. ನಾನು ಮೊದಲು ಸಹಿ, ಆಮೇಲೆ ಎಕ್ಸ್-ರೇ ಅಂದೆ. ಕಾಲು ಗಂಟೆ ಮಾತಾಡಿದೆ. ಸಹಿ ಹಾಕಿಸಿಕೊಂಡೇ ಬಂದೆ. ಅವರದು ತಪ್ಪೇನಿಲ್ಲ. ನನ್ನ ಬಾಯಿಗೆ ಎದುರು ನಿಂತವರು ಕಡಿಮೆ.

ಫೆಬ್ರವರಿಯ ಒಂದು ಭಾನುವಾರ ಸಾವನದುರ್ಗಕ್ಕೆ ಹೋದೆವು. ಜಯ ಶಿವಗಂಗೆ ಸಾಕು, ಮೆಟ್ಟಿಲಾದರೂ ಇದೆ ಅಂದಿದ್ದಳು. ಫೋಟೊ ಕಳಿಸುವುದಾದರೆ ದೊಡ್ಡ ಬಂಡೆಯದೇ ಇರಲಿ ಎಂದವನು ನಾನು. ಅವಳ ಬೆನ್ನ ಚೀಲದಲ್ಲಿ ನೀರು, ಅಕ್ಕಿ ಪೊಟ್ಟಣಗಳು, ತೂಗಿ ತುಂಬಿದ ಎಂಟು ಕೆಜಿ. ನನ್ನ ಚೀಲವೂ ಅವಳದಷ್ಟೇ ಉಬ್ಬಿತ್ತು. ಏಕೆಂದರೆ ಅದರಲ್ಲಿ ನಾನು ಅಂಗಡಿಯಿಂದ ತಂದ ಬೂರುಗದ ಹತ್ತಿಯ ದಿಂಬೊಂದನ್ನು ತುರುಕಿದ್ದೆ. ಫೋಟೊದಲ್ಲಿ ತೂಕ ಕಾಣುವುದಿಲ್ಲವಲ್ಲ.

ಬಂಡೆಯ ಮೇಲೆ ದಾರಿ ತೋರಿಸುವ ಬಿಳಿ ಬಾಣದ ಗುರುತುಗಳಿವೆ. ಮೊದಲು ಒಂದೊಂದು ಬಾಣಕ್ಕೆ ಒಮ್ಮೆ ನಿಂತೆ. ಆಮೇಲೆ ಹತ್ತು ಹೆಜ್ಜೆಗೆ. ಆಮೇಲೆ ಮೂರಕ್ಕೆ. ಜಯ ಮುಂದಿದ್ದಳು. ಅವಳು ಹತ್ತುವುದನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಐವತ್ನಾಲ್ಕರ ಹೆಂಗಸು, ಬಂಡೆಯ ಮೇಲೆ ನಮ್ಮ ಮನೆಯ ನಡುಮನೆಯಲ್ಲಿ ಓಡಾಡುವಂತೆ ಹೋಗುತ್ತಿದ್ದಳು. ಒಂದು ಕಡೆ ನಿಂತು, ತಿರುಗಿ, ದೂರದ ಕೆರೆ ತೋರಿಸಿ ಏನೋ ಹೇಳಿದಳು. ಅವಳ ಮುಖದ ಆ ಬೆಳಕನ್ನು ಮದುವೆಯಾದಂದಿನಿಂದ ನಾನು ನೋಡಿರಲಿಲ್ಲ. ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ಕಿವಿಯಲ್ಲಿ ನನ್ನ ಉಸಿರೇ ಹೊಡೆದುಕೊಳ್ಳುತ್ತಿತ್ತು. ಮೊಣಕಾಲೂರಿದೆ. ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಜಯ ನನ್ನ ತಲೆಯ ಕೆಳಗೆ ಇಡಲು ನನ್ನ ಚೀಲ ಬಿಚ್ಚುತ್ತಿದ್ದಳು. ದಿಂಬು ಹೊರಗೆ ಬಂತು. ಅದನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ತಲೆಯ ಕೆಳಗೆ ಇಟ್ಟಳು. ನನ್ನ ತುಟಿ ನೀಲಿಯಾಗಿತ್ತಂತೆ, ಅದನ್ನು ಅವಳು ಎಷ್ಟೋ ದಿನಗಳಾದ ಮೇಲೆ ಹೇಳಿದಳು. ಆ ಇಳಿಜಾರಿನಲ್ಲಿ ಅವಳು ನನ್ನ ಮುಂದೆ ಕುಳಿತು, ನನ್ನ ಎರಡು ಕೈಗಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಕೂತಲ್ಲಿಂದ ಕೂತಲ್ಲಿಗೆ ಜಾರಿಸುತ್ತಾ ಇಳಿಸಿದಳು. ಹತ್ತಲು ಬಂದಿದ್ದ ಒಂದಿಬ್ಬರು ಕೈಜೋಡಿಸಿದರು. ನನ್ನ ಉಸಿರು ಅವಳ ಕುತ್ತಿಗೆಯ ಮೇಲೇ ಬೀಳುತ್ತಿತ್ತು. ಕೆಳಗೆ ಮುಟ್ಟುವಾಗ ಮಧ್ಯಾಹ್ನ.

ಅಲ್ಲಿಂದ ಮುಂದೆ ಆಸ್ಪತ್ರೆ. ಟೋಕನ್ನು, ಸ್ಕ್ಯಾನು, ಕೊಳವೆಗೆ ಊದುವ ಪರೀಕ್ಷೆ, ಗಂಟಲಿನಿಂದ ದುರ್ಬೀನು ಇಳಿಸಿ ಚೂರು ತೆಗೆಯುವುದು. ರೋಗದ ಹೆಸರು ಉದ್ದ, ಅದನ್ನಿಲ್ಲಿ ಬರೆದು ಪ್ರಯೋಜನವಿಲ್ಲ. ಡಾಕ್ಟರಮ್ಮ ನಿಧಾನದವರು. ಎಲ್ಲ ಕಾಗದ ನೋಡಿ, ನಿಮ್ಮ ಕೆಲಸ ಏನು ಎಂದು ಕೇಳಿದರು. ಅಲ್ಲಿಯವರೆಗೆ ನನ್ನನ್ನು ನೋಡಿದ ಡಾಕ್ಟರುಗಳಲ್ಲಿ ಅದನ್ನು ಕೇಳಿದವರು ಅವರೇ ಮೊದಲು. ಕೇಳದಿದ್ದರೂ ನೀವೇ ಹೇಳಿ, ಇದು ನನ್ನ ಇನ್ನೊಂದು ಸಲಹೆ. ಜನ ಇಪ್ಪತ್ತು ವರ್ಷ ಮಲಗಿದ ಹಳೆಯ ಹಾಸಿಗೆ ಬಿಚ್ಚಿ, ಬೂಷ್ಟು ಹಿಡಿದ ಹತ್ತಿ ಹಿಂಜಿ, ಮತ್ತೆ ತುಂಬುವುದು ಎಂದೆ. ಅವರು ಪೆನ್ನು ಕೆಳಗಿಟ್ಟರು. ಆ ಧೂಳು ಒಳಗೆ ಹೋಗಿ ಶ್ವಾಸಕೋಶ ಕೆಳಗಿನಿಂದ ಗಟ್ಟಿಯಾಗುತ್ತಾ ಬಂದಿದೆ, ಗಟ್ಟಿಯಾದದ್ದು ಮತ್ತೆ ಮೆದುವಾಗುವುದಿಲ್ಲ, ಹತ್ತಿ ಬಿಟ್ಟು ಮಾತ್ರೆ ತೆಗೆದುಕೊಂಡರೆ ಮುಂದೆ ಹೋಗದಂತೆ ತಡೆಯಬಹುದು ಎಂದರು.

“ಹೋಗಿರೋದ್ರಲ್ಲಿ ಅರ್ಧನಾದ್ರೂ ವಾಪಸ್ ಬರತ್ತಾ ಮೇಡಂ?” ಎಂದೆ.

“ಇದ್ರಲ್ಲಿ ಚೌಕಾಸಿ ಇಲ್ಲ ರಾಜಣ್ಣ” ಎಂದರು, ಗದರಿಸುವಂತಲ್ಲ, ಪಾಪ ಅನ್ನುವಂತೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ನೋಡುತ್ತಾರೆ. ಬೆರಳಿಗೆ ಕ್ಲಿಪ್ಪು ಹಾಕಿ, ನರ್ಸಮ್ಮ ಗಡಿಯಾರ ಹಿಡಿದು ಜೊತೆಗೆ ಬರುತ್ತಾರೆ. ಆ ತುದಿಯಲ್ಲಿ ಜಯ ನಿಂತಿದ್ದಳು, ಶಾಲೆಯ ಕ್ರೀಡಾದಿನ ಓಟದ ಗೆರೆಯ ಹತ್ತಿರ ನಿಲ್ಲುವಂತೆ. ನಾನು ಹೊರಟಾಗ ಅವಳ ಕೈ ತಾನಾಗಿ ಕೊರಳಿಗೆ ಹೋಗಿ ಸೀಟಿ ಹುಡುಕಿತು. ಸೀಟಿ ಇರಲಿಲ್ಲ. ಹದಿನಾಲ್ಕು ಸಾವಿರ ಅಡಿ ಕೊಂಡುಕೊಳ್ಳಲು ಹೋದವನು ನಾಲ್ಕನೇ ನಿಮಿಷಕ್ಕೆ ಗೋಡೆ ಹಿಡಿದೆ. ಇನ್ನೊಂದು ಸುತ್ತು ಬಿಡಿ ಎಂದು ನರ್ಸಮ್ಮನಿಗೆ ಹೇಳಲು ಹೊರಟರೆ ಮಾತೇ ಬರಲಿಲ್ಲ.

ಒಳ್ಳೆಯದೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಯುವ ಕುರ್ಚಿಗಳ ಸಾಲಿನಲ್ಲಿ ಪರಿಚಯವಾದ ಒಬ್ಬ ನಿವೃತ್ತ ಗುಮಾಸ್ತರು, ಆಕ್ಸಿಜನ್ ಸಿಲಿಂಡರನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ನೆಂಟನ ಹಾಗೆ ಕೂರಿಸಿಕೊಂಡು, ಬಿಸಿ ಕಾಫಿ ಊದುವಂತೆ ತುಟಿ ಚಿಕ್ಕದು ಮಾಡಿ ಉಸಿರು ಬಿಡುವುದನ್ನು ಕಲಿಸಿಕೊಟ್ಟರು. ಇವತ್ತಿಗೂ ಮೆಟ್ಟಿಲ ಮೇಲೆ ನನ್ನನ್ನು ನಡೆಸುವುದು ಆ ಕಾಫಿಯೇ.

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ.

ನಾವು ಹೆಸರು ಕೊಟ್ಟಿದ್ದ ತಂಡ ಹೊರಡಬೇಕಿದ್ದದ್ದು ಮೇ ಕೊನೆಯಲ್ಲಿ. ಜಯಳ ಹೆಸರು ಹಾಗೇ ಇತ್ತು. ಅವಳು ಓಟದ ಪರೀಕ್ಷೆ ಮುಗಿಸಿದ್ದಳು, ಕೇಳಿದ್ದಕ್ಕಿಂತ ಎಷ್ಟೋ ಬೇಗ. ಅವಳಿಗಾಗಿ ಚಾರಣ ಸಂಸ್ಥೆಯ ಆ ಹೆಂಗಸು ಅದೇ ಹೊತ್ತಿಗೆ ಹೊರಡುವ ಆರು ದಿನದ ಚಾರಣದಲ್ಲಿ ಜಾಗ ಬದಲಾಯಿಸಿಕೊಟ್ಟಿದ್ದರು. ನನ್ನ ಮಾತ್ರೆ ಶುರುವಾಗಿ ಆರು ವಾರ. ಅಪಾಯವೇನಿರಲಿಲ್ಲ, ಜೊತೆಗೊಬ್ಬರು ಇದ್ದರೆ ಸಾಕಿತ್ತು. ದೀಪಾ ಬ್ಯಾಂಕಿಗೆ ರಜ ಹಾಕಿ ಬಂದಳು. ಊಟದ ಹೊತ್ತಿನಲ್ಲಿ, ಅವಳಮ್ಮ ಎದುರಿಗಿರುವಾಗಲೇ, “ಅಮ್ಮ ಹೋಗ್ಬರ್ಲಿ ಅಪ್ಪ, ನಾನಿರ್ತೀನಿ” ಎಂದಳು.

ಜಯ ನನ್ನ ಮುಖ ನೋಡಿದಳು. ‘ಹೋಗು’ ಎನ್ನುವ ಎರಡಕ್ಷರ ಹೇಳಬೇಕಿತ್ತು. ಅವಳು ಹೋದ ಆರು ದಿನದಲ್ಲಿ ನನಗೆ ಉಸಿರು ನಿಂತರೆ ಎನ್ನುವ ಭಯ ಬಂತು. ದೀಪಾ ಇದ್ದರೆ ಸಾಲದು, ಬಂಡೆಯಿಂದ ನನ್ನನ್ನು ಇಳಿಸಿದವಳೇ ಬೇಕು ಅನ್ನಿಸಿತು. ನಾನು ಕೆಮ್ಮಿದೆ. ಬಹಳ ಹೊತ್ತು ಕೆಮ್ಮಿದೆ. ಆ ಕೆಮ್ಮಿನಲ್ಲಿ ಅರ್ಧ ಮಾತ್ರ ನಿಜವಾದದ್ದು.

ಜಯ ಎದ್ದು ಬಿಸಿನೀರು ತಂದಳು. ಮಾತು ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾದರೂ ಜಯ ಕೂರುತ್ತಿರಲಿಲ್ಲ. ಗೋಡೆಯ ಹತ್ತಿರ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ, ಮೀನಖಂಡಕ್ಕೆ ವ್ಯಾಯಾಮ ಕೊಡುತ್ತಿದ್ದಳು. ಟೋಕನ್ ಕೂಗುವವನು ಅವಳನ್ನು ನೋಡಿ ನಗುತ್ತಿದ್ದ. ತಂಡ ಹೊರಡುವ ದಿನವೂ ನಮಗೆ ಟೋಕನ್ನು ಸಿಕ್ಕಿತ್ತು. ರಕ್ತ ಕೊಟ್ಟು ಹೊರಗೆ ಬಂದು ನೋಡಿದರೆ ಜಯ ಕುರ್ಚಿಯಲ್ಲಿ ಕೂತಿದ್ದಳು. ಫೈಲು ತೊಡೆಯ ಮೇಲಿತ್ತು, ಅದರ ಮೇಲೆ ಎರಡೂ ಕೈ. ಎಲ್ಲರ ಹಾಗೆ. ಆಮೇಲೆ ಎಂದೂ ಅವಳು ನಿಂತು ಕಾದದ್ದನ್ನು ನಾನು ನೋಡಲಿಲ್ಲ.

ಇದಾಗಿ ಮೂರು ವರ್ಷ. ಬಿನ್ನಿಪೇಟೆಯ ಶೆಡ್ಡು ಬಿಟ್ಟೆ. ಅಂಗಡಿಯಲ್ಲಿ ಈಗ ಪ್ಲಾಸ್ಟಿಕ್ಕು ಸುತ್ತಿ ಬರುವ ಫೋಮ್ ಹಾಸಿಗೆ ಮಾತ್ರ. ಅದರಲ್ಲಿ ಮಾತಾಡುವುದಕ್ಕೇ ಏನೂ ಇಲ್ಲ, ದರ ಮೇಲೆಯೇ ಅಚ್ಚಾಗಿರುತ್ತದೆ. ರೋಗ ಇದ್ದಲ್ಲೇ ಇದೆ. ಅದು ದೊಡ್ಡ ಪುಣ್ಯ ಎನ್ನುತ್ತಾರೆ ಡಾಕ್ಟರಮ್ಮ, ನಾನೂ ಒಪ್ಪುತ್ತೇನೆ. ಸಮತಟ್ಟಿನಲ್ಲಿ ನಡೆಯುತ್ತೇನೆ, ಏರಿನಲ್ಲಿ ಕಾಫಿ ಊದುತ್ತೇನೆ, ಎತ್ತರದ ಊರುಗಳಿಗೆ ಹೋಗುವಂತಿಲ್ಲ.

ಹೋದ ಜನವರಿಯಲ್ಲಿ ಜಯಳಿಗೆ ಹೇಳದೆ ಮಲ್ಲೇಶ್ವರಕ್ಕೆ ಹೋದೆ. ಆ ಹೆಂಗಸಿಗೆ ಜಯಳ ನೆನಪಿತ್ತು, ನನ್ನದೂ ಇತ್ತು. ನಾನು ಒಂದು ಮಾತೂ ಚೌಕಾಸಿ ಮಾಡದೆ, ಮೊದಲ ಸಾಲಿನ ಆರು ದಿನದ್ದನ್ನು ಬೇಸಿಗೆ ರಜಕ್ಕೆ ಕಾದಿರಿಸಿ ಬಂದೆ. ಸಂಜೆ ಆ ಕಾಗದವನ್ನು ಊಟದ ಮೇಜಿನ ಮೇಲಿಟ್ಟು ಮಾತು ಶುರು ಮಾಡಿದೆ. ನನಗೆ ಗೊತ್ತಿರುವುದು ಅದೊಂದೇ ವಿದ್ಯೆ. ಹೊಸ ಶೂ ಕೊಡಿಸುತ್ತೇನೆ ಎಂದೆ. ದೀಪಾಳ ಮನೆಯಲ್ಲೇ ಇರುತ್ತೇನೆ, ದಿನಕ್ಕೆ ಮೂರು ಸಲ ಕ್ಲಿಪ್ಪಿನ ಅಂಕಿ ಕಳಿಸುತ್ತೇನೆ ಎಂದೆ. ಹಳೆಯ ಇಬ್ಬರು ಟೀಚರನ್ನೂ ಹೊರಡಿಸುತ್ತೇನೆ ಎಂದೆ. ಈ ವರ್ಷ ಬೇಡವಾದರೆ ಮುಂದಿನ ವರ್ಷ, ಆರು ದಿನ ಬೇಡವಾದರೆ ನಾಲ್ಕು, ಹಿಮಾಲಯ ಬೇಡವಾದರೆ ಇಲ್ಲೇ ಯಾವುದಾದರೂ.

ಜಯ ಅವರೆಕಾಳು ಹಿದುಕುತ್ತಾ ಕೇಳಿದಳು. ಕಾಗದದ ಮೇಲೆ ಸಿಪ್ಪೆ ಬೀಳದಂತೆ ಅದನ್ನು ಪಕ್ಕಕ್ಕೆ ಸರಿಸಿದಳು. ಕೊಳ್ಳುವ ಮನಸ್ಸಿರುವವರು ಏನಾದರೊಂದು ಕೊಂಕು ತೆಗೆಯುತ್ತಾರೆ. ಬಟ್ಟೆ ಸರಿಯಿಲ್ಲ, ದಪ್ಪ ಸಾಲದು, ಜಾಸ್ತಿಯಾಯಿತು. ಅವಳು ಯಾವುದಕ್ಕೂ ಕೊಂಕು ತೆಗೆಯಲಿಲ್ಲ. ಈ ವ್ಯಾಪಾರ ಕುದುರುವುದಿಲ್ಲ ಎಂದು ನನಗೆ ಆಗಲೇ ತಿಳಿಯಿತು.

“ನಿಮ್ ಮೇಲೆ ಕೋಪ ಅಂತಲ್ಲ ರೀ” ಎಂದಳು ಕೊನೆಗೆ. “ಅವತ್ತು ಬಂಡೆ ಇಳಿಸಿದ್ನಲ್ಲ, ಆಮೇಲಿಂದ ಏರು ಕಂಡ್ರೆ ನಂಗೆ ಬೆಟ್ಟ ಕಾಣಲ್ಲ. ಕುತ್ತಿಗೆ ಹಿಂದೆ ನಿಮ್ಮ ಉಸಿರು ಕೇಳತ್ತೆ. ಒಂದ್ಸಲ ಶಾಲೆ ಮಕ್ಕಳನ್ನ ಕರ್ಕೊಂಡು ನಂದಿಬೆಟ್ಟಕ್ಕೆ ಹೋದಾಗ್ಲೂ ಹಂಗೇ ಆಯ್ತು. ಅರ್ಧಕ್ಕೇ ಕೂತ್ಬಿಟ್ಟೆ.”

ಇನ್ನೊಂದು ಹಿಡಿ ಕಾಳು ಎಳೆದುಕೊಂಡು, “ಆ ವರ್ಷ ಮೇನಲ್ಲಿ ಹೋಗಿಬಿಟ್ಟಿದ್ರೆ ಸರಿಹೋಗ್ತಿತ್ತೇನೋ. ಆಸೆ ಇನ್ನೂ ಬಿಸಿ ಇತ್ತು. ಈಗ ಇಲ್ಲ. ಬಿಡಿ” ಎಂದಳು.

ಆ ಕೆಮ್ಮಿನ ವಿಷಯ ಅವತ್ತೇ ಹೇಳಿಬಿಟ್ಟೆ. ಅವಳು ತಲೆಯೆತ್ತದೆ, ಗೊತ್ತು ಎಂದಳು.

ಚಾರಣ ಆರಿಸುವವರಿಗೆ ಈಗ ನಾನು ಅಂಗಡಿಯಲ್ಲಿ ಕೂತು ಹೇಳುವುದು ಇಷ್ಟೇ, ಕೇಳದವರಿಗೂ ಹೇಳುತ್ತೇನೆ. ಬೆಟ್ಟದ ಬಗ್ಗೆ ಅವರು ಹೇಳಿದ ಅಂಕಿಯಲ್ಲಿ ಒಂದನ್ನೂ ಕಳೆಯಬೇಡಿ, ಬೇಕಾದರೆ ನಿಮ್ಮ ಬಗ್ಗೆ ನೀವು ಹೇಳಿಕೊಳ್ಳುವ ಅಂಕಿಯಲ್ಲಿ ಕಳೆಯಿರಿ. ಇಬ್ಬರು ಹೋಗುವುದಾದರೆ ಉಸಿರು ಕಡಿಮೆ ಇರುವವರ ಅಳತೆಗೆ ಬೆಟ್ಟ ಆರಿಸಿ. ಅದು ಆಗದಿದ್ದರೆ ಉಸಿರು ಹೆಚ್ಚಿರುವವರನ್ನು ಕಳಿಸಿಕೊಡಿ, ಅದೂ ಅವರು ಕೇಳಿದ ವರ್ಷವೇ. ತಡಿ, ಇಬ್ಬರೂ ಹೋಗೋಣ ಎಂದು ಮಾತ್ರ ಹೇಳಬೇಡಿ.

ನನ್ನ ಮೈಗೆ ಸರಿಯಾದ ಚಾರಣ ಈಗ ಬಸವನಗುಡಿಯ ಬ್ಯೂಗಲ್ ರಾಕ್. ಭಾನುವಾರ ಬೆಳಿಗ್ಗೆ ಇಬ್ಬರೂ ಹೋಗುತ್ತೇವೆ. ಮಕ್ಕಳು ಓಡಿ ಹತ್ತುವ ಬಂಡೆ ಅದು. ನಾನು ನಾಲ್ಕು ಕಡೆ ನಿಲ್ಲುತ್ತೇನೆ. ಜಯ ಆ ವರ್ಷ ಹಿಮಾಲಯಕ್ಕೆಂದು ಕೊಂಡಿದ್ದ ಶೂಗಳನ್ನೇ ಹಾಕಿಕೊಂಡು ಬರುತ್ತಾಳೆ, ಹಾಳಾಗುವ ಬದಲು ಸವೆಯಲಿ ಎಂದು. ಹೋದ ವಾರ ಎರಡನೇ ನಿಲುಗಡೆಯಲ್ಲಿ, ನೀನು ಮೇಲೆ ಹೋಗಿ ಬಾ, ನಾನು ಇಲ್ಲೇ ಕೂತಿರುತ್ತೇನೆ ಎಂದೆ. ಅವಳು ಬೇಡ ಎಂದು ನನ್ನ ಪಕ್ಕದಲ್ಲಿ ನಿಂತಳು. ನಾನು ತುಟಿ ಚಿಕ್ಕದು ಮಾಡಿ ಕಾಫಿ ಊದುತ್ತಿದ್ದೆ. ಊದುವುದು ನಿಂತಾಗ ಸುತ್ತ ಸದ್ದಿರಲಿಲ್ಲ. ಪಕ್ಕದಲ್ಲಿದ್ದವಳ ಉಸಿರಿಗೆ ಕಿವಿಗೊಟ್ಟೆ. ಅದು ಒಂದಿಷ್ಟೂ ಏರಿರಲಿಲ್ಲ.